ಜಪಾನಿನ ಹೆಡ್‌ಮೇಡಂ

ಭಾನುವಾರ ಮಧ್ಯಾಹ್ನ ಮುದ್ದೆ ಉಂಡು, ಫ್ಯಾನಿನ ಕೆಳಗೆ ಚಾಪೆ ಹಾಸಿ, ಪೇಪರನ್ನು ಮುಖದ ಮೇಲೆ ಹೊದ್ದು ಮಲಗುವ ಹಕ್ಕನ್ನು ಸಂವಿಧಾನವೇ ತನಗೆ ಕೊಟ್ಟಿದೆಯೆಂದು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಶಶಿಧರ್ ನಂಬಿದ್ದ. ವಾರವೆಲ್ಲಾ ಮಾರ್ಕೆಟ್ಟಿನಲ್ಲಿ ಉಂಡೆ ಕೊಬ್ಬರಿ ಅಲ್ಲಾಡಿಸಿ, ಮೂಸಿ, ರೈತರ ಜೊತೆಗೂ ದಲ್ಲಾಳಿಗಳ ಜೊತೆಗೂ ಗಂಟಲು ಹರಿದುಕೊಳ್ಳುವ ಮನುಷ್ಯನಿಗೆ ಅಷ್ಟಾದರೂ ಬೇಡವೇ? ಬೇಡ ಎಂದು ಮನೆಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸುಪ್ರೀಂ ಕೋರ್ಟೆಂದರೆ ಹೆಂಡತಿ ಹೇಮಲತಾ. (ಅಲ್ಲಿಂದ ಮುಂದಕ್ಕೆ ಅಪೀಲು ಇಲ್ಲ.)

"ಈ ಭಾನುವಾರ ಮಲಗೋದು ಗಿಲಗೋದು ಏನೂ ಇಲ್ಲ. ಎಲ್ಲಾರೂ ಸಿನಿಮಾಕ್ಕೆ ಹೋಗ್ತಿದೀವಿ. ಅತ್ತೇನೂ ಬರ್ತಾರೆ."

"ಯಾವ ಸಿನಿಮಾ?"

"ಜಪಾನ್‌ದು."

ಶಶಿಧರನ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯವರೆಗೆ ಬಂದು ನಿಂತುಹೋಯಿತು. "ಆ ಬೊಂಬೆ ಸಿನಿಮಾನಾ? ಮೀಸೆ ಬಂದಿರೋ ಗಂಡಸು ಕಣೇ ನಾನು!"

"ಬೊಂಬೆ ಅಲ್ಲಪ್ಪಾ, ಅನಿಮೆ!" ಎಂದು ರೂಮಿನೊಳಗಿಂದ ಮಗಳು ಸಿಂಚನಾ ತಿದ್ದಿದಳು.

ಇಷ್ಟಕ್ಕೆಲ್ಲ ಕಾರಣ ಅವಳೇ. ಹತ್ತನೇ ಕ್ಲಾಸಿನ ಈ ಹುಡುಗಿಗೂ ಅವಳ ಸಹಪಾಠಿಗಳಿಗೂ ಒಂದೇ ಹುಚ್ಚು. ಜಪಾನಿನಲ್ಲಿ ಒಂದು ಸ್ಕೂಲಂತೆ. ಅಲ್ಲಿ ಓದುವ ಹದಿಹರೆಯದವರಿಗೆಲ್ಲ ಒಂದೊಂದು ಅತಿಮಾನುಷ ಶಕ್ತಿಯಂತೆ. ಆ ಶಕ್ತಿಯನ್ನು ಪಳಗಿಸಿ ಲೋಕರಕ್ಷಕರಾಗುವುದೇ ಅಲ್ಲಿನ ಸಿಲಬಸ್ಸಂತೆ. ಅದರ ಹೊಸ ಸಿನಿಮಾ ಬೆಂಗಳೂರಿಗೆ ಬಂದು, ಅರಸೀಕೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಸಿಂಚನಾ ಸುಮ್ಮನೆ ಕೂರಲಿಲ್ಲ. ಸ್ಟೇಷನ್ನಿನ ಹತ್ತಿರ ಹಳೇ ಟಾಕೀಸು ನಡೆಸುವ ಚನ್ನೇಶನನ್ನು ಹಿಡಿದಳು. ಅವನು ಶಶಿಧರನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. "ಒಂದು ಮ್ಯಾಟ್ನಿ ಹಾಕ್ತೀನಮ್ಮ. ಆದ್ರೆ ಹಾಲ್ ತುಂಬ್ಸೋದು ನಿನ್ ಕೆಲಸ. ಹುಡುಗ್ರು ಸೀಟು ಹರಿದ್ರೆ ಕೇಳೋಕೆ ದೊಡ್ಡೋರೂ ಇರ್ಬೇಕು. ನಿಮ್ಮಪ್ಪ ಬರ್ಲೇಬೇಕು" ಎಂದು ಷರತ್ತು ಹಾಕಿದ. ಸಿಂಚನಾ ಸ್ಕೂಲಿನ ಕ್ಲಾಸು ಕ್ಲಾಸಿಗೂ ಹೋಗಿ ಭಾಷಣ ಮಾಡಿ ಹಾಲ್ ತುಂಬಿಸಿದಳು. ಉಳಿದದ್ದು ಅಪ್ಪನ ಕುತ್ತಿಗೆ.

ಶಶಿಧರನ ತಾಯಿ ಮಹದೇವಮ್ಮನಿಗಂತೂ ಹಬ್ಬ. ಟಾಕೀಸಿನ ಮುಖ ನೋಡಿ ಎಷ್ಟೋ ವರ್ಷವಾಗಿತ್ತು. ಹಣೆ ತುಂಬ ವಿಭೂತಿ ಹಚ್ಚಿ, ಮದುವೆಮನೆಗೆಂದು ಎತ್ತಿಟ್ಟಿದ್ದ ಸೀರೆಯುಟ್ಟು, ಎಲ್ಲರಿಗಿಂತ ಮೊದಲೇ ಕಾರಿನಲ್ಲಿ ಹೋಗಿ ಕೂತರು. ಕಿವಿ ಸ್ವಲ್ಪ ಮಂದ. ಅದರಿಂದ ಅವರು ಮಾತಾಡಿದರೂ, ಅವರ ಜೊತೆ ಯಾರಾದರೂ ಮಾತಾಡಿದರೂ ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಟಾಕೀಸಿನೊಳಗೆ ಕಾಲಿಟ್ಟಾಗ ಶಶಿಧರನಿಗೆ ಎದೆ ಝಲ್ಲೆಂದಿತು. ಕೂದಲಿಗೆ ಹಸಿರು ಬಳಿದುಕೊಂಡವರು, ಅಮ್ಮಂದಿರ ದುಪ್ಪಟ್ಟಾವನ್ನು ಬೆನ್ನಿಗೆ ಕಟ್ಟಿಕೊಂಡವರು, ಕಾರಣವಿಲ್ಲದೆ ಕಿರುಚುವವರು ಹಾಲ್ ತುಂಬ ಕಿಕ್ಕಿರಿದಿದ್ದರು. ಹೇಮಲತಾ ಬೇರೆ ಮಕ್ಕಳ ತಾಯಂದಿರ ಜೊತೆ ಬಾಲ್ಕನಿಗೆ ಹೋದಳು. ಶಶಿಧರ್ ಅವ್ವನನ್ನು ಕೆಳಗೆ ನಡುಸಾಲಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಕತ್ತಲಾದ ಕೂಡಲೇ ಕಣ್ಣು ಮುಚ್ಚುವ ಸಂಕಲ್ಪ ಮಾಡಿದ.

ಸಿನಿಮಾ ಶುರುವಾಯಿತು. ನೀಲಿ ಜುಟ್ಟಿನ ಹುಡುಗಿಯೊಬ್ಬಳು ಮರದ ಕೆಳಗೆ ನಿಂತು ಏನೋ ಹೇಳಿದಳು. ಇನ್ನೊಬ್ಬ ಏನೋ ಕೂಗಿದ. ಎಲ್ಲವೂ ಅಚ್ಚ ಜಪಾನಿ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತದೆಂದು ಮಗಳು ಹೇಳಿದ್ದಳು. ಅಕ್ಷರ ಇಲ್ಲ.

ಇಲ್ಲದೆ ಏನು, ಬರುತ್ತಲೇ ಇತ್ತು. ಆದರೆ ಚನ್ನೇಶನ ಟಾಕೀಸಿನ ಪರದೆಯ ಕೆಳಭಾಗವನ್ನು ಹಿಂದೆ ಯಾವಾಗಲೋ ಇಲಿಗಳು ತಿಂದಿದ್ದವು. ಅವನು ಅಲ್ಲಿಗೆ ಕಪ್ಪು ಬಟ್ಟೆ ಹೊಡೆದು ಮುಚ್ಚಿದ್ದ. ನಮ್ಮ ಸಿನಿಮಾಗಳಿಗೆ ಅದರಿಂದ ತೊಂದರೆ ಇರಲಿಲ್ಲ, ಹೀರೋನ ಪಾದ ಕಾಣದಿದ್ದರೆ ಯಾರು ಅಳುತ್ತಾರೆ? ಈಗ ಮಾತ್ರ ಕಥೆಯೆಲ್ಲ ಆ ಕಪ್ಪು ಬಟ್ಟೆಯ ನೆರಿಗೆಯಲ್ಲಿ ಮುಳುಗಿಹೋಗುತ್ತಿತ್ತು.

"ನಂಗೇನಮ್ಮ ಗೊತ್ತು ಅಕ್ಷರ ಕೆಳಗಡೆ ಬರುತ್ತೆ ಅಂತ? ಆ ಜಪಾನ್‌ನೋರು ಮೇಲ್ಗಡೆ ಹಾಕ್ಬಾರ್ದಿತ್ತಾ?" ಎಂದು ಹಿಂದುಗಡೆ ಚನ್ನೇಶ್ ಸಿಂಚನಾಳ ಹತ್ತಿರ ವಾದಿಸುವುದು ಕೇಳಿಸಿತು.

ಇತ್ತ ಮಹದೇವಮ್ಮ ಮಗನ ಪಕ್ಕೆಗೆ ತಿವಿದರು. "ಏನಂತಾಳ್ಲಾ ಆ ನೀಲಿ ಕೂದ್ಲೋಳು?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ತಮ್ಮ ಮಗ ಬಿ.ಕಾಂ. ಓದಿದ್ದಾನೆ, ಅವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಅವ್ವ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಪರದೆಯ ಮೇಲೆ ಮರದಿಂದ ಒಂದು ಹಣ್ಣು ಉದುರಿತು. ಹುಡುಗಿ ಕೈಯೆತ್ತಿದಳು. ಹಣ್ಣು ಗಾಳಿಯಲ್ಲೇ ನಿಂತಿತು. ಅವಳಿಗೆ ಸೀನು ಬಂತು, ಹಣ್ಣು ನೆತ್ತಿಯ ಮೇಲೆ ಬಿತ್ತು.

"ಅವ್ಳ ಹೆಸ್ರು ಗೌರಿ ಕಣವ್ವ. ಬೀಳೋದನ್ನ ಗಾಳೀಲೇ ತಡೆದು ನಿಲ್ಲಿಸ್ತಾಳೆ. ಆದ್ರೆ ಜಾಸ್ತಿ ಹೊತ್ತು ಆಗಲ್ಲ."

"ಕಾಯಿ ಕೀಳೋವಾಗ ಮರದ ಕೆಳಗೆ ನಿಲ್ಲಿಸ್ಕೋಬೋದು ಬಿಡು. ಯಾರ ಪೈಕಿ?"

"ತಿಪಟೂರು ಕಡೇರು."

"ಅಂಗನ್ನು ಮತ್ತೆ!"

ಮುಂದಿನ ಸಾಲಿನ ಹುಡುಗಿಯರು ಹಿಂತಿರುಗಿ ಕಿಸಕ್ಕೆಂದರು. "ಅಂಕಲ್, ಇನ್ನೂ ಜೋರಾಗಿ ಹೇಳಿ!"

ಅಷ್ಟರಲ್ಲಿ ಹಿಂದಿನ ಸಾಲುಗಳಲ್ಲಿ ಸಿಳ್ಳೆ ಎದ್ದಿತ್ತು. ಸೀಟು ಬಡಿಯುತ್ತಿದ್ದರು. "ಸಿಂಚನಾ, ಏನೇ ಇದು? ಮೂಕಿ ಸಿನಿಮಾ ತೋರ್ಸೋಕೆ ಕರ್ಕೊಂಡ್ ಬಂದ್ಯಾ?" ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಸಿಂಚನಾ ಸಾಲುಗಳ ಮಧ್ಯೆ ಒಬ್ಬಳೇ ನಿಂತಿದ್ದಳು. ಕೆಳತುಟಿ ಕಚ್ಚಿಕೊಂಡು ಚಾವಣಿ ನೋಡುತ್ತಿದ್ದಳು. ಅಳು ತಡೆಯುವಾಗ ಚಿಕ್ಕಂದಿನಿಂದ ಅವಳು ಹಾಗೇ. ನಾಳೆ ಈ ಹುಡುಗಿ ಸ್ಕೂಲಿಗೆ ಹೇಗೆ ಹೋದಾಳು ಎಂದು ಶಶಿಧರನಿಗೆ ಕಸಿವಿಸಿಯಾಯಿತು.

ಚನ್ನೇಶ್ ಏದುಸಿರು ಬಿಡುತ್ತಾ ಬಂದು ಒಂದು ಮೈಕನ್ನು ಅವನ ಮಡಿಲಿಗೆ ಹಾಕಿದ. "ಶಶಿ, ನೀನೇ ಏನಾದ್ರೂ ಹೇಳ್ಲಾ! ಸೀಟು ಕೀಳ್ತಾವ್ರೆ. ಮಾರ್ಕೆಟ್ನಲ್ಲಿ ಕೂಗೋ ಗಂಟ್ಲಲ್ವೇನ್ಲಾ ನಿಂದು?"

"ಲೋ, ನಂಗೂ ಅರ್ಥ ಆಗ್ತಿಲ್ಲ ಕಣೋ!"

"ಅವ್ರಿಗೇನ್ ಆಗ್ತೈತಾ? ಹೇಳು!"

ಶಶಿಧರ್ ಮಗಳ ಕಡೆ ಇನ್ನೊಮ್ಮೆ ನೋಡಿದ. ಮೈಕಿಗೆ ಫೂ ಎಂದು ಊದಿದ.

ಅಲ್ಲಿಂದ ಮುಂದೆ ಆ ಟಾಕೀಸಿನಲ್ಲಿ ನಡೆದದ್ದು ಜಪಾನಿನವರು ಕನಸಿನಲ್ಲೂ ಎಣಿಸದ ಕಥೆ. ಮೂಗಿನಿಂದ ಬೆಂಕಿ ಉಗುಳುವವನು ಮೂಗುಬೆಂಕಿ ಮಂಜನಾದ. ಕೈಯನ್ನು ಬೇಕಾದಷ್ಟು ಉದ್ದ ಮಾಡುವವನು ಬಂದಾಗ, "ನೋಡಿ, ಬೇಲೂರು ಬಸ್ಸಿಗೆ ಕಿಟಕಿಯಿಂದ ಟವಲ್ ಹಾಕೋಕೆ ಹೇಳಿ ಮಾಡಿಸಿದ ಕೈ!" ಎಂದ. ನಿಂತಲ್ಲೇ ಕಲ್ಲಾಗುವವನನ್ನು, "ಇವನನ್ನ ಹಳೇಬೀಡಲ್ಲಿ ಬಿಟ್ರೆ ಟೂರಿಸ್ಟುಗಳು ಫೋಟೋ ತೆಗೆದುಕೊಂಡು ಹೋಗ್ತಾರೆ" ಎಂದು ಪರಿಚಯಿಸಿದ. ಹಾಲ್ ಬಿದ್ದು ಬಿದ್ದು ನಕ್ಕಿತು. ಸಿಂಚನಾಳೂ ಕಣ್ಣೊರೆಸಿಕೊಂಡು ನಕ್ಕಳು. ಶಶಿಧರನ ಎದೆ ಉಬ್ಬಿತು. ಇಷ್ಟು ವರ್ಷ ಕೊಬ್ಬರಿ ಮೂಸಿ ತನ್ನ ಪ್ರತಿಭೆಯನ್ನು ವ್ಯರ್ಥ ಮಾಡಿದೆನೇ ಎಂದುಕೊಂಡ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಆಗ ಪರದೆಯ ಮೇಲೆ ಸ್ಕೂಲಿನ ಹೆಡ್‌ಮೇಡಂ ಬಂದರು. ಬಿಗಿಯಾದ ತುರುಬು, ಕನ್ನಡಕ, ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯ ತೋರುಬೆರಳು ನೇರ ಎದುರಿಗಿದ್ದವರ ಮೂಗಿಗೆ. ಆ ತೋರುಬೆರಳನ್ನು ನೋಡಿದ ಕೂಡಲೇ ಶಶಿಧರನೊಳಗೆ ಮದುವೆಯಾದಾಗಿನಿಂದ ಕಟ್ಟಿಕೊಂಡಿದ್ದ ಯಾವುದೋ ಕಟ್ಟೆ ಒಡೆಯಿತು.

"ಬಂದ್ರು ನೋಡಿ ಹೆಡ್‌ಮೇಡಂ! ಬೆಳಿಗ್ಗೆ ಎದ್ರೆ ಕಾಫಿಗಿಂತ ಮುಂಚೆ ಬೈಗುಳ! 'ಒದ್ದೆ ಟವಲ್ ಯಾಕೆ ಮಂಚದ ಮೇಲೆ? ಚಪ್ಪಲಿ ಯಾಕೆ ನಡುಮನೇಲಿ? ಬೀನ್ಸ್ ತನ್ನಿ ಅಂದ್ರೆ ಬಲಿತಿರೋ ಬೀನ್ಸ್ ತಂದಿದೀರಲ್ರೀ, ಕಣ್ಣು ಕಾಣಲ್ವಾ?'"

ಲೋಕರಕ್ಷಣೆಗೆ ಹೊರಟ ಮಕ್ಕಳು ಬೀನ್ಸ್ ಯಾಕೆ ತರಬೇಕೆಂದು ಯಾರೂ ಕೇಳಲಿಲ್ಲ. ನಗು ಚಾವಣಿ ಮುಟ್ಟಿತು. "ಇದ್ಯಾಕ್ಲಾ ನಮ್ಮನೆ ಇದ್ದಂಗೇ ಐತೆ?" ಎಂದು ಮಹದೇವಮ್ಮ ಕೇಳಿದ್ದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಮೇಲೆ ಬಾಲ್ಕನಿಯಲ್ಲಿ ಮಾತ್ರ ಯಾರೂ ನಗಲಿಲ್ಲ. ಶಶಿಧರನಿಗೆ ಅದು ತಿಳಿಯಲಿಲ್ಲ.

"ಈಯಮ್ಮನ ಶಕ್ತಿ ಏನು ಗೊತ್ತಾ ಮಕ್ಕಳೇ? ಅಡುಗೆಮನೇಲಿ ನಿಂತಿದ್ರೂ, ಗೋಡೆ ಆಚೆ ಯಾರು ಸುಮ್ನೆ ಕೂತಿದಾರೆ ಅಂತ ಕಾಣುತ್ತೆ!" ಅಷ್ಟಕ್ಕೂ ತೃಪ್ತಿಯಾಗಲಿಲ್ಲ. ಹೆಡ್‌ಮೇಡಂ ಯಾರಿಗೂ ಹೇಳದೆ ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುವ ದೃಶ್ಯ ಬಂತು. "ನೋಡಿದ್ರಾ? ಶತ್ರುಗಳ ಜೊತೆ ಶಾಮೀಲು! ಇವ್ಳೇ ವಿಲನ್ನು, ಬರೆದಿಟ್ಕೊಳ್ಳಿ!"

ಇಂಟರ್ವೆಲ್ಲಿನಲ್ಲಿ ಮಕ್ಕಳು ಅವನ ಕೈ ಕುಲುಕಲು ಮುತ್ತಿಕೊಂಡರು. "ಅಪ್ಪಾ, ನೀನು ಸೂಪರ್!" ಎಂದ ಸಿಂಚನಾ ದನಿ ತಗ್ಗಿಸಿ, "ಆದ್ರೆ ಅಮ್ಮ ಕೆಳಗೆ ಬರ್ತಿದಾಳೆ" ಎಂದಳು.

ಹೇಮಲತಾ ಬಂದಳು. ಬೈಯಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ಗಂಡನ ಕೈಗೆ ಕೊಟ್ಟಳು.

"ಕುಡೀರಿ. ಗಂಟಲು ಒಣಗಿರುತ್ತೆ."

ಆ ಮೃದುತ್ವಕ್ಕೆ ಶಶಿಧರ್ ನೀರು ಅಡ್ಡ ಹತ್ತಿ ಕೆಮ್ಮಿದ.

"ಅಲ್ರೀ," ಎಂದಳು ಹೇಮಲತಾ, "ಬಲಿತಿರೋ ಬೀನ್ಸ್ ಜಪಾನಲ್ಲೂ ಸಿಗುತ್ತಾ?"

ಉತ್ತರಕ್ಕೆ ಕಾಯದೆ ಮೆಟ್ಟಿಲು ಹತ್ತಿ ಹೋದಳು.

ಇಂಟರ್ವೆಲ್ಲಿನ ನಂತರ ಶಶಿಧರ್ ಹೆಡ್‌ಮೇಡಂ ವಿಷಯದಲ್ಲಿ ಬಾಯಿ ಹೊಲಿದುಕೊಂಡ. ಪ್ರಯೋಜನವಾಗಲಿಲ್ಲ. ಆಕೆ ಬಂದಾಗಲೆಲ್ಲ ಹುಡುಗರೇ "ಬೀನ್ಸ್! ಬೀನ್ಸ್!" ಎಂದು ಕೂಗುತ್ತಿದ್ದರು. "ಹಂಗೆಲ್ಲಾ ಅನ್ಬಾರ್ದು ಮಕ್ಕಳೇ, ಹಿರಿಯರು..." ಎಂದು ಮೈಕಿನಲ್ಲಿ ಬೇಡಿಕೊಂಡ. ಯಾರು ಕೇಳುತ್ತಾರೆ?

ಕೊನೆಗೆ ಶತ್ರುಗಳು ಊರಿನ ದೊಡ್ಡ ಗೋಪುರವೊಂದನ್ನು ಸ್ಕೂಲಿನ ಮೇಲೆ ಉರುಳಿಸಿದರು. ನೀಲಿ ಜುಟ್ಟಿನ ಹುಡುಗಿ ಎರಡೂ ಕೈಯೆತ್ತಿ ಅದನ್ನು ಗಾಳಿಯಲ್ಲಿ ತಡೆದಳು. ಅವಳ ಕೈ ನಡುಗತೊಡಗಿತು. ಗೋಪುರ ಇಳಿಯುತ್ತಾ ಬಂತು. ಆಗ ಹೆಡ್‌ಮೇಡಂ ಕನ್ನಡಕ ತೆಗೆದು ಎಸೆದು, ಓಡಿಬಂದು, ಗೋಪುರಕ್ಕೆ ತಮ್ಮ ಹೆಗಲು ಕೊಟ್ಟರು. ಒಂದು ಕೈಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನೇ ಹೊರಗೆ ತಳ್ಳಿದರು. ಹಳೆಯದೆಲ್ಲ ಪರದೆಯ ಮೇಲೆ ಬಂತು: ಹಿತ್ತಿಲ ಬಾಗಿಲಿನಿಂದ ಹೋಗಿ ಶತ್ರುಗಳನ್ನು ಒಬ್ಬರೇ ತಡೆದು ಗಾಯ ಮಾಡಿಕೊಂಡದ್ದು, ಆ ಗಾಯದ ಮೇಲೆ ಅಂಗಿಯ ತೋಳು ಇಳಿಬಿಟ್ಟು ಮತ್ತೆ ಬಂದು ಬೈದದ್ದು, ಮಕ್ಕಳ ಹರಿದ ಅಂಗಿಗಳಿಗೆ ಕೂತು ಹೊಲಿಗೆ ಹಾಕಿದ್ದು. ಇದಕ್ಕೆ ಯಾವ ಅಕ್ಷರವೂ ಬೇಕಿರಲಿಲ್ಲ.

ಮುಂದಿನ ಸಾಲಿನ ಹುಡುಗಿ ಹಿಂತಿರುಗಿದಳು. ಕಣ್ಣಲ್ಲಿ ನೀರು. "ಅಂಕಲ್, ಇವ್ರು ವಿಲನ್ ಅಂದ್ರಲ್ಲ?"

ಶಶಿಧರ್ ಮೈಕನ್ನು ಸೀಟಿನ ಕೆಳಗೆ ಇಡಲು ನೋಡಿದ. ಅಷ್ಟರಲ್ಲಿ ಬಾಲ್ಕನಿಯಿಂದ ಒಂದು ದನಿ ಇಳಿದು ಬಂತು. ಅದಕ್ಕೆ ಮೈಕಿನ ಅಗತ್ಯ ಎಂದೂ ಇರಲಿಲ್ಲ.

"ಹೇಳ್ರೀ. ಮಕ್ಕಳು ಕೇಳ್ತಿದಾರಲ್ಲ."

"ಅದು... ಮಕ್ಕಳೇ... ಕಥೆ ಹೇಳೋನಿಗೆ ತಿಳುವಳಿಕೆ ಸಾಲ್ದು. ಇವ್ರು ವಿಲನ್ ಅಲ್ಲ."

"ಬೈತಿದ್ದಿದ್ದು ಯಾಕಂತೆ?"

"ಬೈತಿದ್ದಿದ್ದು... ಅವ್ರೆಲ್ಲರ ಒಳ್ಳೇದಕ್ಕೆ."

"ಬೀನ್ಸ್ ವಿಷಯ?"

ಶಶಿಧರ್ ಬೆವರು ಒರೆಸಿಕೊಂಡ. "ಬೀನ್ಸು... ತಂದೋನ್ದೇ ತಪ್ಪು."

ಪರದೆಯಲ್ಲಿ ಗೋಪುರದ ಕೆಳಗಿನಿಂದಲೇ ಹೆಡ್‌ಮೇಡಂ ಕೈಚಾಚಿ ನೀಲಿ ಜುಟ್ಟಿನವಳ ಮೂಗನ್ನು ತಮ್ಮ ತೋಳಿನ ಬಟ್ಟೆಯಿಂದ ಒರೆಸಿ, ಆಗಲೂ ಏನೋ ಗದರಿದರು. ಅದನ್ನು ಕನ್ನಡಕ್ಕೆ ತರಲು ಶಶಿಧರ್ ಬಾಯಿ ತೆರೆದ. ಎಷ್ಟು ಪ್ರಯತ್ನಿಸಿದರೂ ಮೈಕಿನಲ್ಲಿ ಸೊರ್ ಸೊರ್ ಎಂಬುದೊಂದೇ ಸದ್ದು. ಮಹದೇವಮ್ಮ ಎದ್ದು ನಿಂತು ಪರದೆಗೆ ಕೈ ಮುಗಿದರು. "ಮಾತಾಯಿ, ತಣ್ಣಗಿರವ್ವ!" ಪುಣ್ಯಕ್ಕೆ ಮಕ್ಕಳೆಲ್ಲ ಸೇರಿ ಆಕೆಯನ್ನು ಹೊರಗೆಳೆದರು, ಆಕೆ ಬದುಕಿದರು, ಚಪ್ಪಾಳೆ ಹೊಡೆದೂ ಹೊಡೆದೂ ಹಾಲಿನ ಧೂಳೆಲ್ಲ ಎದ್ದಿತು.

ಲೈಟು ಬಂತು. ಕೈ ಕುಲುಕುವವರು ಬರಲೆಂದು ಶಶಿಧರ್ ಕೂದಲು ಸರಿಮಾಡಿಕೊಂಡು ನಿಂತ. ಮಕ್ಕಳು ಅವನನ್ನು ದಾಟಿಕೊಂಡು ಬಾಲ್ಕನಿಯ ಮೆಟ್ಟಿಲಿನ ಬುಡಕ್ಕೆ ಓಡಿದರು. ಅಲ್ಲಿ ಹೇಮಲತಾ ಇಳಿಯುತ್ತಿದ್ದಳು. ಎಲ್ಲರೂ ಜಪಾನಿನವರಂತೆ ಸೊಂಟದವರೆಗೆ ಬಾಗಿ ಒಂದೇ ದನಿಯಲ್ಲಿ ಅಂದರು:

"ನಮಸ್ತೇ, ಹೆಡ್‌ಮೇಡಂ!"

ಬೇರೆ ಹೆಂಗಸಾಗಿದ್ದರೆ ನಾಚಿಕೊಳ್ಳುತ್ತಿದ್ದಳು. ಹೇಮಲತಾ ಒಂದು ಕೈ ಸೊಂಟದ ಮೇಲಿಟ್ಟಳು. ಇನ್ನೊಂದು ಕೈಯ ತೋರುಬೆರಳು ಎದ್ದಿತು.

"ನಮಸ್ತೆ ಆಮೇಲೆ. ಸೀಟಿನ ಕೆಳಗೆಲ್ಲಾ ಕಡ್ಲೆಕಾಯಿ ಸಿಪ್ಪೆ ಬಿದ್ದಿದೆಯಲ್ಲ, ಯಾರು ಎತ್ತೋದು? ನಡೀರಿ!"

ಮನೆಯಲ್ಲಿ ತಿಂದ ತಟ್ಟೆಯನ್ನೂ ಎತ್ತದ ಮಕ್ಕಳು ಕುಣಿಯುತ್ತಾ ಹೋಗಿ ಸಾಲುಸಾಲಾಗಿ ಬಗ್ಗಿದರು. ಚನ್ನೇಶ್ ಬಾಯಿ ಬಿಟ್ಟುಕೊಂಡು ನೋಡಿದ. "ಅಮ್ಮಾವ್ರೇ, ಮುಂದಿನ ವಾರಾನೂ ತಾವು ದಯಮಾಡಿಸ್ಬೇಕು" ಎಂದು ಕೈ ಮುಗಿದ. ಮೈಕು ಹಿಡಿದವನ ಸುದ್ದಿಯೇ ಎತ್ತಲಿಲ್ಲ.

ಶಶಿಧರ್ ಗೋಡೆಯ ಪಕ್ಕ ಪಕ್ಕಕ್ಕೇ ಸರಿದು ಬಾಗಿಲ ಹತ್ತಿರ ತಲುಪಿದ್ದ.

"ರೀ! ನೀವೆಲ್ಲಿಗೆ?"

"ಕಾರು... ಕಾರು ತಿರುಗಿಸೋಣ ಅಂತ..."

"ಕಾರು ಎಲ್ಲಿಗೂ ಓಡಿಹೋಗಲ್ಲ. ನಡುಸಾಲು ಹಂಗೇ ಉಳಿದಿದೆ ನೋಡಿ."

ಸಿಂಚನಾ ಎಲ್ಲಿಂದಲೋ ಪೊರಕೆ ತಂದು, ಸೊಂಟದವರೆಗೆ ಬಾಗಿ, ಎರಡೂ ಕೈಯಿಂದ ಅಪ್ಪನಿಗೆ ಒಪ್ಪಿಸಿದಳು. ನಗು ತಡೆಯಲು ಅವಳು ಪಡುತ್ತಿದ್ದ ಕಷ್ಟ ನೋಡಿ ಶಶಿಧರ್ ಪೊರಕೆ ಈಸಿಕೊಂಡ. ಪಂಚೆ ಎತ್ತಿ ಕಟ್ಟಿ ಗುಡಿಸಲು ಬಗ್ಗಿದ. ನಡುಸಾಲಿನಲ್ಲಿ ಮಹದೇವಮ್ಮ ಇನ್ನೂ ಆರಾಮಾಗಿ ಕೂತಿದ್ದರು. ಮಗ ಹತ್ತಿರ ಬಂದದ್ದು ನೋಡಿ ಎರಡೂ ಕಾಲನ್ನು ಮೆಲ್ಲಗೆ ಸೀಟಿನ ಮೇಲಕ್ಕೆ ಎತ್ತಿಕೊಂಡರು.

"ಇಲ್ಲೂ ಒಸಿ ಗುಡಿಸ್ಲಾ ಶಶಿ. ಮೂಲೆ ಬಿಡ್ಬ್ಯಾಡ, ಮೇಡಮ್ಮು ನೋಡ್ತಾವ್ರೆ."