ಮೆಸ್ಸಿನ ಆರು ಕುರ್ಚಿಗಳಿಗಾಗಿ ನಾನು ಮಾಡಿದ ಹೋರಾಟ

ನನ್ನ ಮಾನ ತೆಗೆಯಲು ಮಾಲೀಕರೂ ಬೇಕಿಲ್ಲ, ಪೊಲೀಸರೂ ಬೇಕಿಲ್ಲ. ಆ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ, ಅದೂ ಮೈಕು ಹಿಡಿದು, ನಾಲ್ಕು ಜನರ ಮುಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬಟ್ಟೆ ಕತ್ತರಿಸುತ್ತಲೇ ಕಾರ್ಮಿಕರ ಕಾನೂನು ಓದಿಕೊಂಡೆ, ಸಂಘದ ಮುಖಂಡನೂ ಆದೆ. ಓದಿದ್ದು ತಲೆಗೆ ಹೋಯಿತು, ಗಂಟಲಿಗೂ ಹೋಯಿತು. ಕೈಕಾಲಿಗೆ ಇಳಿಯಿತೇ ಎಂಬುದು ಮಾತ್ರ ನನಗೇ ಅನುಮಾನ.

ಹಾಗೆ ಮಾನ ಕಳೆದುಕೊಂಡದ್ದರಲ್ಲಿ ಈಚಿನದು ಸರ್ಜಾಪುರದ ಕಡೆ ಇರುವ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆದದ್ದು. ಅದರೊಳಗೆ ಒಂದು ವಸತಿ ಪದವಿ ಕಾಲೇಜಿದೆ. ಬಿ.ಎ., ಬಿ.ಎಸ್ಸಿ. ಓದುವ ಮಕ್ಕಳೂ ಅವರ ಮೇಷ್ಟರೂ ಒಂದೇ ಆವರಣದಲ್ಲಿ ವಾಸ, ಒಂದೇ ಮೆಸ್ಸಿನಲ್ಲಿ ಊಟ. ‘ಇಲ್ಲಿರುವವರೆಲ್ಲ ಒಂದೇ ಕುಟುಂಬ’ ಎಂದು ಮೆಸ್ಸಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಾರೆ. ಆ ಕುಟುಂಬಕ್ಕೆ ಬೇಯಿಸಿ ಹಾಕುವ ಆರು ಜನ ಹೆಂಗಸರು ಮಾತ್ರ ಹಿಂಬದಿಯಲ್ಲಿ, ಗ್ಯಾಸ್ ಸಿಲಿಂಡರುಗಳ ಪಕ್ಕ, ನಿಂತುಕೊಂಡೇ ಉಣ್ಣುತ್ತಿದ್ದರು. ನಾಚಿಕೆಗೆಟ್ಟ ಕುಟುಂಬ.

ಅವರಲ್ಲಿ ಹಿರಿಯರು ಯಾದಗಿರಿ ಕಡೆಯವರು. ಕಾಲೇಜಿನ ಮಕ್ಕಳೆಲ್ಲ ಅವರನ್ನು ದೊಡ್ಡಕ್ಕ ಅನ್ನುತ್ತಾರೆ. ನಮ್ಮ ವಠಾರದಲ್ಲೇ ಬಾಡಿಗೆಗಿದ್ದಾರೆ. ಒಂದು ಭಾನುವಾರ ನಲ್ಲಿಯ ಹತ್ತಿರ ನನ್ನನ್ನು ಹಿಡಿದರು.

“ಅಣ್ಣಾರ, ನಮಗ ಒಳಗ ಕುಂತು ಉಣ್ಣಾಕ ಆರು ಕುರ್ಚಿ ಕೊಡಿಸ್ತೀರೇನ್ರಿ? ಕಾಲು ಭಾಳ ನೋಯ್ತಾವ.”

“ಕುರ್ಚಿ ಏನು ದೊಡ್ಡಕ್ಕ, ಇತಿಹಾಸವನ್ನೇ ಬದಲಾಯಿಸೋಣ!” ಅಂದೆ.

“ಇತಿಹಾಸ ಬ್ಯಾಡ್ರಿ,” ಅಂದರು ಅವರು, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು. “ಕುರ್ಚಿ ಸಾಕು.”

ಗೇಟು

ಮೊದಲ ದಿನ ದಾರಿ ತೋರಿಸಲು ಬರುತ್ತೇನೆ ಎಂದು ದೊಡ್ಡಕ್ಕ ಹೇಳಿದ್ದರು. “ನನಗೆ ದಾರಿ ತೋರಿಸ್ತೀರಾ? ಈ ಬೆಂಗಳೂರಲ್ಲಿ ನಾನು ನೋಡದೇ ಇರೋ ಗೇಟಿಲ್ಲ” ಎಂದು ಅವರ ಬಾಯಿ ಮುಚ್ಚಿಸಿದ್ದೆ. ಬೊಮ್ಮನಹಳ್ಳಿಯಿಂದ ಎರಡು ಟೆಂಪೋ ತುಂಬ ಜನರನ್ನು ಕರೆದುಕೊಂಡು ಹೋದೆ. ದೊಡ್ಡ ಗೇಟು, ಮೇಲೆ ವಿಶ್ವವಿದ್ಯಾಲಯದ ಹೆಸರು. ಇನ್ನೇನು ಬೇಕು? ಅಲ್ಲೇ ಬಿಸಿಲಲ್ಲಿ ನಿಂತು ಶುರು ಮಾಡಿದೆವು.

“ಅನ್ನ ಹಾಕುವ ಕೈಗಳಿಗೆ ಕೂರಲು ಕುರ್ಚಿ ಕೊಡಿ! ನಿಲ್ಲಿಸಿ ಉಣಿಸುವವರಿಗೆ ಧಿಕ್ಕಾರ!”

ಒಂದು ಗಂಟೆ ಕೂಗಿದರೂ ಒಳಗಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಇದೆಂಥ ಸೊಕ್ಕು ಎಂದು ನನಗೆ ರೋಷ ಏರಿತು, ಸ್ವರವನ್ನೂ ಏರಿಸಿದೆ. ಕೊನೆಗೆ ಗೇಟಿನ ಸೆಕ್ಯೂರಿಟಿಯವನು ಒಂದು ಬಾಟಲಿ ನೀರು ಹಿಡಿದು ಬಂದ. ಪಾಪ, ಅವನೂ ಗುತ್ತಿಗೆ ಕೆಲಸಗಾರನೇ.

“ಕುಡೀರಿ ಸಾರ್. ಆಮೇಲೆ ಒಂದ್ ಮಾತ್ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ.”

“ಹೇಳಪ್ಪ, ಯಾರಿಗೂ ಹೆದರಬೇಡ.”

“ನೀವ್ ಕೂಗ್ತಿರೋ ಕಾಲೇಜು ಆ ಕಡೆ, ಮೂರನೇ ಗೇಟಲ್ಲಿ. ಇದು ಸಸ್ಯಶಾಸ್ತ್ರದವರ ನರ್ಸರಿ. ಒಳಗಿರೋದು ಬರೀ ಗಿಡ ಕಣ್ರೀ. ಅವಕ್ಕೆ ಕುರ್ಚಿ ಬೇಡ, ನಿಂತ್ಕೊಂಡೇ ಇರ್ತವೆ.”

ಭಾಷಣ

ಆಮೇಲೆ ಪ್ರಾಂಶುಪಾಲರನ್ನು ಕಾಣಲು ಹೋದೆವು, ನಾನು ಮತ್ತು ದೊಡ್ಡಕ್ಕ. ಈ ಸಲ ದಾರಿ ತೋರಿಸಿದ್ದು ಅವರೇ. ಪ್ರಾಂಶುಪಾಲರು ನಮ್ಮನ್ನು ಹೊರಗೆ ಹಾಕಿಸುತ್ತಾರೆ ಎಂದೇ ನಾನು ತಯಾರಾಗಿದ್ದೆ. ಹನ್ನೆರಡು ಹಾಳೆ ಭಾಷಣ ಬರೆದುಕೊಂಡಿದ್ದೆ, ಎಲ್ಲೆಲ್ಲಿ ಮೇಜು ಕುಟ್ಟಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ.

ಅವರು ನಮ್ಮ ಬೇಡಿಕೆ ಪಟ್ಟಿ ಓದಿದರು. ತಿರುವಿ ಹಾಕಿ ಹಿಂದುಗಡೆ ಏನಾದರೂ ಇದೆಯೇ ಎಂದು ನೋಡಿದರು.

“ಇಷ್ಟೇನಾ? ಕೂತ್ಕೊಳ್ಳಲಿ ಬಿಡಿ. ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ನಾಳೆಯಿಂದಲೇ ಒಳಗೆ ಕೂತು ಊಟ ಮಾಡಿ ದೊಡ್ಡಕ್ಕ.”

ದೊಡ್ಡಕ್ಕ ಎದ್ದು ಕೈ ಮುಗಿದರು. ಕೆಲಸ ಮುಗಿದಿತ್ತು. ಬುದ್ಧಿಯಿದ್ದವನಾದರೆ ನಾನೂ ಏಳಬೇಕಿತ್ತು. ಆದರೆ ಹನ್ನೆರಡು ಹಾಳೆ ಕೈಯಲ್ಲಿತ್ತಲ್ಲ!

“ಸ್ವಲ್ಪ ತಾಳಿ ಸಾರ್,” ಅಂದೆ. ಇದು ನಿಮ್ಮ ದಯೆ ಅಲ್ಲ, ನಮ್ಮ ಹಕ್ಕು ಅಂದೆ. ಇವತ್ತು ಮೆಸ್ಸಿನ ಕುರ್ಚಿ, ನಾಳೆ ಆಫೀಸಿನ ಕುರ್ಚಿ, ನಾಡಿದ್ದು ಈ ನಿಮ್ಮ ಕುರ್ಚಿ ಅಂದೆ. ಮೇಜು ಕುಟ್ಟಿದೆ. ಮೊದಮೊದಲು ತಲೆಯಾಡಿಸುತ್ತಿದ್ದ ಪ್ರಾಂಶುಪಾಲರು ನಾಲ್ಕನೇ ಹಾಳೆಗೆ ಆಡಿಸುವುದನ್ನು ನಿಲ್ಲಿಸಿದರು. ಏಳನೆಯದಕ್ಕೆ ಕನ್ನಡಕ ತೆಗೆದಿಟ್ಟರು.

“ಇದರೊಳಗೆ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿರಲಿಲ್ಲ,” ಅಂದರು. “ಹಾಗಾದರೆ ನಾನೊಬ್ಬನೇ ತೀರ್ಮಾನ ಮಾಡೋದು ಸರಿಯಲ್ಲ. ಸಮಿತಿಗೆ ಕಳಿಸೋಣ.”

ಹೊರಗೆ ಬಂದ ಮೇಲೆ ದೊಡ್ಡಕ್ಕ ನನ್ನ ಮುಂದೆ ಮುಂದೆ ನಡೆದರು. ಬಸ್ ಸ್ಟಾಪಿಗೆ ಬಂದಾಗ ಮೆಲ್ಲಗೆ ಹೇಳಿದರು.

“ಅಣ್ಣಾರ, ಮುಂದಿನ ಸಲ ಭಾಷಣ ನನಗ ಹೇಳ್ರಿ, ಬಸ್ಸಿನ್ಯಾಗ ಕೇಳ್ಕೋತ ಬರ್ತೀನಿ. ಸಾಹೇಬ್ರು ಹೂಂ ಅಂದಮ್ಯಾಲ ಮಾತ್ರ ಬಾಯಿ ಬಿಡಬ್ಯಾಡ್ರಿ.”

ಉಪವಾಸ

ಸಮಿತಿಯವರು ವಾರಗಟ್ಟಲೆ ಕೂತರು. ಅವರಿಗೆ ಕುರ್ಚಿಯ ತೊಂದರೆ ಇರಲಿಲ್ಲ. ಅತ್ತ ಹೆಂಗಸರು ಸಿಲಿಂಡರಿನ ಪಕ್ಕ ನಿಂತೇ ಇದ್ದರು, ನನ್ನ ದೆಸೆಯಿಂದ. ಆ ನಾಚಿಕೆ ತಡೆಯಲಾರದೆ ಕಾಲೇಜಿನ ಮಕ್ಕಳನ್ನು ಸೇರಿಸಿದೆ. ಒಳ್ಳೆಯ ಮಕ್ಕಳು, ಹೇಳಿದ ತಕ್ಷಣ ಒಪ್ಪಿಕೊಂಡರು. “ದೊಡ್ಡಕ್ಕನಿಗಾಗಿ ನಾಳೆ ದಿನವೆಲ್ಲ ಊಟ ಬಿಡ್ತೀವಿ ಸಾರ್!” ಮರುದಿನ ಇಡೀ ಕಾಲೇಜು ಮೆಸ್ಸಿನ ಮುಂದಿನ ಮರದಡಿ ಕೂತು ಘೋಷಣೆ ಕೂಗಿತು. ನನ್ನ ಕಣ್ಣಲ್ಲಿ ನೀರು ಬಂತು.

ಸಂಜೆ ಅಡುಗೆಮನೆಗೆ ಓಡಿದೆ. “ದೊಡ್ಡಕ್ಕ, ಒಂದು ಅಗುಳನ್ನೂ ಯಾರೂ ಮುಟ್ಟಲಿಲ್ಲ!”

ಆರೂ ಹೆಂಗಸರು ಸೆರಗು ಬಿಗಿದು ಕೊಪ್ಪರಿಗೆಗಳನ್ನು ತಿಕ್ಕುತ್ತಿದ್ದರು. ಅನ್ನ, ಸಾರು, ಪಲ್ಯ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಪಕ್ಕದ ಹಳ್ಳಿಯ ದನಗಳಿಗೆ ಸುರಿದು ಬಂದಿದ್ದರು. ಊಟ ಬಿಡುತ್ತೇವೆ ಎಂದು ಅಡುಗೆಯವರಿಗೆ ಒಂದು ಮಾತು ಹೇಳಬೇಕು ಎಂಬುದು ಮಕ್ಕಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

“ಗೊತ್ತೈತ್ರಿ,” ಅಂದರು ದೊಡ್ಡಕ್ಕ, ತಲೆ ಎತ್ತದೆ. “ನಿನ್ನೆ ಹೇಳಿದ್ರ ಒಂದು ಚೀಲ ಉಳ್ಳಾಗಡ್ಡಿ ಹೆಚ್ಚೂದು ತಪ್ತಿತ್ತು.”

ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಮಕ್ಕಳ ಜೊತೆ ನಾನೂ ಉಪವಾಸ ಕೂತಿದ್ದೆ, ಹಸಿವು ಬೇರೆ. ಗೇಟಿನ ಎದುರು ಎಗ್ ರೈಸ್ ಗಾಡಿಯಿತ್ತು. ಅಲ್ಲಿ ಒಂದು ಪ್ಲೇಟು ಹೇಳಿ, ತಿರುಗಿ ನೋಡುತ್ತೇನೆ, ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ಘೋಷಣೆ ಕೂಗಿದ್ದ ನಾಲ್ಕು ಜನ ವಿದ್ಯಾರ್ಥಿ ಮುಖಂಡರು ಗಾಡಿಯ ಹಿಂದೆ ಕೂತು ಬಾಯಿ ತುಂಬ ಜಗಿಯುತ್ತಿದ್ದಾರೆ.

“ನಾಚಿಕೆ ಆಗಲ್ವೇನ್ರೋ?” ಎಂದು ಗುಡುಗಿದೆ. “ದಿನ ಮುಗಿಯೋ ತನಕ ತಡ್ಕೊಳ್ಳೋಕಾಗ್ಲಿಲ್ವಾ?”

ಗಾಡಿಯವನು ಹಿಂದಿನಿಂದ ನನ್ನ ಭುಜ ತಟ್ಟಿದ.

“ಅಣ್ಣ, ನಿಮ್ಮ ಡಬಲ್ ಎಗ್ ರೆಡಿ.”

ಮೊದಲ ಊಟ

ಕೊನೆಗೆ ಸಮಿತಿ ಒಪ್ಪಿತು. ಇದು ನಮ್ಮ ಹತ್ತಿರ ಯಾಕೆ ಬಂತು ಎಂದೇ ಸದಸ್ಯರಿಗೆ ಅರ್ಥವಾಗಿರಲಿಲ್ಲವಂತೆ. ಗೆದ್ದವನು ನಾನು ಎಂದು ಮಾತ್ರ ವಠಾರಕ್ಕೆಲ್ಲ ಹೇಳಿಕೊಂಡು ಬಂದೆ.

ಆ ದಿನ ಹೆಂಗಸರು ಹೊಸ ಸೀರೆ ಉಟ್ಟಿದ್ದರು. ಮೆಸ್ಸಿನ ನಡುವಿನ ಮೇಜಿಗೆ ಆರು ಕುರ್ಚಿ. ಬಡಿಸಲು ಮಕ್ಕಳು ನಿಂತರು. ಜೋಳದ ರೊಟ್ಟಿ, ಎಣ್ಣೆಗಾಯಿ. ದೊಡ್ಡಕ್ಕ ಕುರ್ಚಿಯ ತುದಿಯಲ್ಲಿ ಕೂತರು, ಯಾರಾದರೂ ಏಳು ಅಂದರೆ ಏಳಲು ತಯಾರಾದವರ ಹಾಗೆ. ನನಗೆ ಅದೇ ಮೇಜಿನ ಒಂದು ತುದಿಗೆ ಏಳನೆಯ ಕುರ್ಚಿ ಹಾಕಿ ಕೊಟ್ಟಿದ್ದರು. ಎರಡೇ ಮಾತಾಡಿದೆ.

“ಇವತ್ತಿನಿಂದ ಇಲ್ಲಿ ಯಾರೂ ಯಾರ ಸೇವಕರೂ ಅಲ್ಲ!”

ಚಪ್ಪಾಳೆ. ನಾನು ನಾಲ್ಕು ರೊಟ್ಟಿ ಹೊಡೆದೆ. ಎಲ್ಲರಿಗಿಂತ ಮೊದಲು ಮುಗಿಸಿ, ತಟ್ಟೆ ಮುಂದಕ್ಕೆ ತಳ್ಳಿ, ತೇಗಿ, ಕೈ ತೊಳೆಯಲು ಹೋದೆ. ಅಲ್ಲಿ ನಲ್ಲಿಗಳ ಸಾಲಿನಲ್ಲಿ ಪ್ರಾಂಶುಪಾಲರು ತಾವು ಉಂಡ ತಟ್ಟೆಯನ್ನು ತಿಕ್ಕುತ್ತಿದ್ದರು. ಆ ಕಾಲೇಜಿನಲ್ಲಿ ಉಂಡವರೇ ತಟ್ಟೆ ತೊಳೆಯುವುದು ರೂಢಿ, ಮೇಷ್ಟರಾದರೂ ಅಷ್ಟೇ. ನನಗದು ಆಗ ತಿಳಿದಿರಲಿಲ್ಲ. ಪಾಪ, ಈ ಮನುಷ್ಯನಿಗೆ ಏನೋ ಶಿಕ್ಷೆ ಆಗಿರಬೇಕು ಅಂದುಕೊಂಡು ಫೋಟೋಗೆ ನಿಲ್ಲಲು ವಾಪಸ್ ಬಂದೆ.

ದೊಡ್ಡಕ್ಕನ ಕುರ್ಚಿ ಖಾಲಿ. ಅರ್ಧ ತಿಂದ ರೊಟ್ಟಿ ಹಾಗೇ ಇತ್ತು. ಅವರು ನನ್ನ ಜಾಗದಲ್ಲಿ ಬಗ್ಗಿ, ನನ್ನ ಎಂಜಲು ತಟ್ಟೆ ಎತ್ತುತ್ತಿದ್ದರು.

“ಅಯ್ಯೋ, ನೀವ್ಯಾಕೆ ಎದ್ರಿ ದೊಡ್ಡಕ್ಕ?”

“ನಮ್ಮ ಬೇಡಿಕಿ ಪಟ್ಟ್ಯಾಗ ನಿಮ್ಮ ತಾಟು ಇರಲಿಲ್ರಿ ಅಣ್ಣಾರ,” ಅಂದರು. “ಹಿಡೀರಿ.” ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೋಗಿ ಕೂತರು, ಈ ಸಲ ಕುರ್ಚಿಯ ತುಂಬ.

ನೆಲ ಬಾಯಿ ಬಿಡಲಿಲ್ಲ. ನಲ್ಲಿಯ ಹತ್ತಿರ ಹೋಗಿ ಪ್ರಾಂಶುಪಾಲರ ಪಕ್ಕ ನಿಂತೆ. ಮೂವತ್ತು ವರ್ಷದಿಂದ ಮನೆಯಲ್ಲಿ ನನ್ನ ತಟ್ಟೆ ತೊಳೆಯುತ್ತಿರುವವಳು ನನ್ನ ಹೆಂಡತಿ. ನಾನು ಸಮಾನತೆಯ ಕೆಲಸದಲ್ಲಿ ಬಿಡುವಿಲ್ಲದವನು ನೋಡಿ. ಸೋಪಿನ ಪುಡಿ ಎಷ್ಟು ಹಾಕಬೇಕು ಎಂದೂ ತಿಳಿಯಲಿಲ್ಲ. ಒಂದು ಹಿಡಿ ಹಾಕಿ ಉಜ್ಜಿದೆ.

“ಹಿಂದುಗಡೆನೂ ತಿಕ್ಕಬೇಕು ಸಾರ್,” ಅಂದರು ಪ್ರಾಂಶುಪಾಲರು, ಬಹಳ ಮರ್ಯಾದೆಯಿಂದ.

ಹಿಂದುಗಡೆಯೂ ತಿಕ್ಕಿದೆ. ತೊಳೆದು, ಎಲ್ಲರಿಗೂ ಕಾಣಲಿ ಎಂದು ತಟ್ಟೆಯನ್ನು ಎತ್ತಿ ಹಿಡಿದೆ. ಮಕ್ಕಳು ಶಿಳ್ಳೆ ಹೊಡೆದರು. ನಡುವಿನ ಮೇಜಿನಿಂದ ದೊಡ್ಡಕ್ಕ ಕಣ್ಣು ಕಿರಿದು ಮಾಡಿ ನೋಡಿದರು. ಏಳಲಿಲ್ಲ. ರೊಟ್ಟಿ ಮುರಿಯುತ್ತ, ಕೂತಲ್ಲಿಂದಲೇ ಇಡೀ ಮೆಸ್ಸಿಗೆ ಕೇಳುವ ಹಾಗೆ ಕೂಗಿದರು:

“ಅಂಚಿನ್ಯಾಗ ಇನ್ನಾ ಎಣ್ಣಿ ಐತ್ರಿ ಅಣ್ಣಾರ! ಇನ್ನೊಮ್ಮೆ ತಿಕ್ರಿ!”