ಹಾರ್ಮೋನ್ ಅಂದ್ರ ಹುಕುಂ!

ಜೇವರ್ಗಿಯಲ್ಲಿ ಯಾರಿಗೆ ಸಿಟ್ಟು ಬಂದರೂ, ಯಾರಿಗೆ ತೂಕಡಿಕೆ ಬಂದರೂ, ಯಾರ ಮಗನಿಗೆ ಮೀಸೆ ಚಿಗುರಿದರೂ ಅದರ ಕಾರಣ ಹೇಳುವ ಗುತ್ತಿಗೆಯನ್ನು ನಮ್ಮ ಕಾಕಾ ಒಬ್ಬರೇ ಹಿಡಿದಿದ್ದಾರೆ! ಕಾಕಾ ಎಂದರೆ ನಮ್ಮಪ್ಪನ ತಮ್ಮ, ಹೈಸ್ಕೂಲಿನ ವಿಜ್ಞಾನದ ಮಾಸ್ತರರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು, "ನೀ ಹಿಂಗ ಬರ್ದಿದ್ದು ಯಾವ ಹಾರ್ಮೋನಿನ ಕೆಲಸ ಗೊತ್ತದೇನು?" ಎಂದು ಒಂದು ತಾಸು ಪಾಠ ಮಾಡಿಯಾರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಪುಸ್ತಕದಲ್ಲಿ 'ನಿರ್ನಾಳ ಗ್ರಂಥಿಗಳು ಸ್ರವಿಸುವ ರಾಸಾಯನಿಕಗಳು' ಎಂದು ಏನೇನೋ ಇದೆಯಲ್ಲ, ಅದನ್ನು ಓದಿದರೆ ಮಕ್ಕಳು ಕುಳಿತಲ್ಲೇ ಮಲಗುತ್ತಾರೆ ಎಂದು ಕಾಕಾರಿಗೆ ಗೊತ್ತು. ಅವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ಹಾರ್ಮೋನ್ ಅಂದ್ರ ಹುಕುಂ!" ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಕುಳಿತಿದೆಯಲ್ಲ, ಅದು ತಹಸೀಲ್ದಾರ. ಕುತ್ತಿಗೆಯಲ್ಲಿರುವ ಥೈರಾಯ್ಡು ಅವನ ಕೈಕೆಳಗಿನ ತಲಾಟಿ, ಅಂದರೆ ಊರಿನ ಲೆಕ್ಕಿಗ. ರಕ್ತವೆಂದರೆ ಹುಕುಂ ಒಯ್ಯುವ ಬಸ್ಸು.

"ತಹಸೀಲ್ದಾರ ಹುಕುಂ ಕಳಸ್ತಾನ. ತಲಾಟಿ ಕೆಲಸ ಮಾಡಿದ್ನೋ, ತಹಸೀಲ್ದಾರ ಸುಮ್ಮ ಕೂಡ್ತಾನ. ತಲಾಟಿ ಮಲಕೊಂಡ್ನೋ, ಹುಕುಂ ಮ್ಯಾಲ ಹುಕುಂ, ಹುಕುಂ ಮ್ಯಾಲ ಹುಕುಂ! ತಿಳೀತಿಲ್ಲೋ?"

ತಿಳಿಯದೆ ಏನು! ಒಂದು ವರ್ಷ ಪರೀಕ್ಷೆಯಲ್ಲಿ 'ಪಿಟ್ಯುಟರಿ ಗ್ರಂಥಿ ಎಲ್ಲಿದೆ?' ಎಂದು ಕೇಳಿದ್ದಕ್ಕೆ ಒಬ್ಬ ಮಹಾನುಭಾವ, 'ತಾಲೂಕಾ ಕಚೇರಿ, ಜೇವರ್ಗಿ' ಎಂದು ಬರೆದಿದ್ದ. ಕಾಕಾ ಅದಕ್ಕೂ ಅರ್ಧ ಅಂಕ ಕೊಟ್ಟರು. "ವಿಳಾಸ ತಪ್ಪದ, ಆದ್ರ ಹುದ್ದಾ ಸರಿ ಅದ" ಎಂದರು.

ಅಡ್ರಿನಲಿನ್ ಪಾಠಕ್ಕಂತೂ ಪ್ರಯೋಗವೇ ಆಗಬೇಕು. ಶಾಂತವಾಗಿ ಪಾಠ ಮಾಡುತ್ತಿದ್ದವರು ಒಮ್ಮೆಲೇ "ಅಯ್ಯಯ್ಯೋ, ಬೆಂಚಿನ ಬುಡಕ ಹಾವು!" ಎಂದು ಕಿರುಚುತ್ತಾರೆ. ಮಕ್ಕಳೆಲ್ಲ ಬೆಂಚು ಹತ್ತಿ ನಿಂತಮೇಲೆ, "ಎದಿ ಮ್ಯಾಲ ಕೈ ಇಡ್ರಿ. ಬಡ್ಯಾಕತ್ತದಿಲ್ಲೋ? ಅದೇ ಅಡ್ರಿನಲಿನ್. ಕೂಡ್ರಿ" ಎನ್ನುತ್ತಾರೆ. ಒಂದು ದಿನ ಇಡೀ ತರಗತಿ ಬೆಂಚಿನ ಮೇಲೆ ನಿಂತಿರುವಾಗಲೇ ಇಲಾಖೆಯ ಸಾಹೇಬರು ತಪಾಸಣೆಗೆಂದು ಬಂದು ಬಾಗಿಲಲ್ಲಿ ನಿಲ್ಲಬೇಕೇ! ಕಾಕಾರ ಹಣೆ ಬೆವರಿತು, ಕೈಯಲ್ಲಿದ್ದ ಚಾಕ್‌ಪೀಸ್ ಕೆಳಗೆ ಬಿತ್ತು. ಮುಂದಿನ ಬೆಂಚಿನ ರುಕ್ಸಾನಾ ಎಂಬ ಹುಡುಗಿ ಮೆಲ್ಲಗೆ ಕೇಳಿದಳಂತೆ: "ಸರ್, ನಿಮಗೂ ಹುಕುಂ ಬಂತೇನ್ರಿ?"

ಶಾಲೆಯ ಹೊರಗೂ ಈ ಪಾಠ ನಿಲ್ಲುವುದಿಲ್ಲ. ಯಡ್ರಾಮಿ ಬಸ್ಸಿನಲ್ಲಿ ಒಮ್ಮೆ ನಾನೂ ಜೊತೆಗಿದ್ದೆ. ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದವನಿಗೂ, ಟವೆಲ್ ತೆಗೆದು ಕುಳಿತವನಿಗೂ ಜಗಳ ಹತ್ತಿತು. ಕುಳಿತವನು ತೋಳೇರಿಸಿ ಎದ್ದು ನಿಂತ. ನಮ್ಮ ಕಾಕಾ ಸುಮ್ಮನಿರಬೇಕೋ ಬೇಡವೋ? ಇಬ್ಬರ ನಡುವೆ ತೂರಿಕೊಂಡು, "ಸಿಟ್ಟು ನಿಮ್ದಲ್ರಿ. ಕಿಡ್ನಿ ಮ್ಯಾಲೊಂದು ಗ್ರಂಥಿ ಅದ, ಅದರದು" ಎಂದರು. ಇಬ್ಬರೂ ಜಗಳ ಬಿಟ್ಟು ಕಾಕಾರ ಕಡೆ ತಿರುಗಿದರು. "ಯಾಕ್ರಿ ಮಾಸ್ತರ, ನಮ್ಮ ಕಿಡ್ನಿ ಸುದ್ದಿ ನಿಮಗ್ಯಾಕ್ರಿ?" ಅಷ್ಟರಲ್ಲಿ ಒಬ್ಬ ಮುದುಕಿ ಆ ಸೀಟಿನಲ್ಲಿ ಆರಾಮಾಗಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ನಗಿರಿ, ಬೇಡವೆನ್ನುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಹದಿಹರೆಯದ ಹಾರ್ಮೋನುಗಳ ಪುಟ ಬಂದರೆ ಎಷ್ಟೋ ಮಾಸ್ತರರು ಕೆಮ್ಮಿ, "ಇದನ್ನ ಮನ್ಯಾಗ ಓದ್ಕೋರಿ" ಎಂದು ಹಾಳೆ ತಿರುವುತ್ತಾರೆ. ನಮ್ಮ ಕಾಕಾ ತಿರುವುವುದಿಲ್ಲ. "ಮಾರಿ ಮ್ಯಾಲ ಮೊಡವಿ ಎದ್ದಾವ, ದನಿ ಒಡದದ, ಸುಮ್ ಸುಮ್ನ ಅಳು ಬರ್ತದ. ಹೌದಿಲ್ಲೋ? ಅದು ನಿಮ್ಮ ತಪ್ಪಲ್ಲ. ಹುಕುಂ ಬಂದದ, ಮೈ ಕೇಳಾಕತ್ತದ. ಅದಕ್ಕ ನಾಚ್ಕಿ ಯಾಕ?" ಎನ್ನುತ್ತಾರೆ. ಆ ಒಂದು ಮಾತಿಗೆ ತರಗತಿಯ ಹುಡುಗಿಯರು ತಗ್ಗಿಸಿದ ತಲೆ ಎತ್ತುತ್ತಾರಂತೆ. ಅವರ ತಾಯಂದಿರು ಬಸ್ ಸ್ಟ್ಯಾಂಡಿನಲ್ಲಿ ಕಂಡರೆ, "ಆರಾಮ ಅದೀರಿಲ್ರಿ ಸರ್?" ಎಂದು ನಿಂತು ಮಾತಾಡಿಸಿಯೇ ಹೋಗುತ್ತಾರೆ.

ಹೀಗೆ ಊರಿಗೆಲ್ಲ 'ನಿಮ್ಮ ತಪ್ಪಲ್ಲ' ಎನ್ನುವ ಮನುಷ್ಯನ ಬಾಯಿಂದ ಆ ಮಾತು ಒಬ್ಬರಿಗೆ ಮಾತ್ರ ಬರಲಿಲ್ಲ. ಅವರು ನಮ್ಮ ಕಾಕಿ.

ನಮ್ಮ ಕಾಕಿ ಎಂಥ ಹೆಣ್ಣುಮಗಳು ಅಂತೀರಿ! ಹೊತ್ತು ಹುಟ್ಟುವುದರೊಳಗೆ ರೊಟ್ಟಿ ಬಡಿದು ಬುಟ್ಟಿ ತುಂಬಿಸುತ್ತಿದ್ದವರು. ಕಾಕಾ ಒಂದು ಅಂದರೆ ಹತ್ತು ಅನ್ನುತ್ತಿದ್ದವರು. ಎರಡು ವರ್ಷದಿಂದೀಚೆಗೆ ಏನಾಯಿತೋ, ಅರ್ಧ ರೊಟ್ಟಿ ಬಡಿದು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿಬಿಡುವುದು, ಚಹಾಕ್ಕೆ ಸಕ್ಕರೆ ಹಾಕಿದ್ದು ಮರೆತು ಮತ್ತೆ ಹಾಕುವುದು. ಮೈ ಬಂತು, ದನಿ ಗಂಡಸರ ಹಾಗೆ ದಪ್ಪವಾಯಿತು. ಎಲ್ಲಕ್ಕಿಂತ ಸೋಜಿಗವೆಂದರೆ ಮಾರ್ಚ್ ತಿಂಗಳಲ್ಲಿ ಸ್ವೆಟರ್! ನಮ್ಮ ಕಡೆಯ ಮಾರ್ಚ್ ಎಂದರೆ ಅಂಗಳದಲ್ಲಿ ಇಟ್ಟ ಕೊಡದ ನೀರು ಮಧ್ಯಾಹ್ನಕ್ಕೆ ಸ್ನಾನಕ್ಕಾಗುವಷ್ಟು ಕಾಯುತ್ತದೆ. ಅಂಥದರಲ್ಲಿ ಕಾಕಿ ಗುಂಡಿ ಹಾಕಿಕೊಂಡು ಕುಳಿತಿರುತ್ತಿದ್ದರು. "ಕಾಶ್ಮೀರಕ್ಕ ಹೊಂಟೀರೇನ್ರಿ ಕಾಕಿ?" ಎಂದು ಮೊದಲು ನಕ್ಕವಳು ನಾನೇ.

ಗೋಡೆಯಾಚೆಯಿಂದ ದಿನಾ ಬೆಳಿಗ್ಗೆ ಕಾಕಾರ ಕೂಗು ಕೇಳುತ್ತಿತ್ತು. "ಏಳು, ಎಷ್ಟು ಮಲಗ್ತಿ! ಮೈಗಳ್ಳಿ ಆಗೀದಿ ನೋಡು." ಕಾಕಿಯಿಂದ ತಿರುಗಿ ಒಂದು ಮಾತೂ ಇರುತ್ತಿರಲಿಲ್ಲ. ಒಂದು ದಿನ ಹಿತ್ತಿಲಲ್ಲಿ ನನ್ನ ಕೈ ಹಿಡಿದು ಕೇಳಿದರು. "ಖರೇನ ನಾ ಮೈಗಳ್ಳಿ ಆಗೇನೇನವಾ? ಏಳಬೇಕಂತೀನಿ, ಮೈ ಏಳವಲ್ದು. ಅತನೂರಿಗಿ ನಮ್ಮಣ್ಣನ ಮನಿಗಿ ಹೋಗಿ ಇದ್ಬಿಡ್ತೀನಿ. ಕೆಲಸಕ್ಕ ಬಾರದಾಕಿ ಇಲ್ಲಿ ಯಾಕಿರಬೇಕು?" ನಾನು "ವಯಸ್ಸಾತಲ್ರಿ ಕಾಕಿ" ಎಂದು ಹೇಳಿ ಬಂದೆ. ಎಂಥ ಮೂರ್ಖಳು ನಾನು! ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆ ವಾರವೇ ಕಾಕಿ ಚೀಲದಲ್ಲಿ ನಾಲ್ಕು ಸೀರೆ ತುಂಬಿ ಇಟ್ಟರು. ಭಾನುವಾರ ಮಧ್ಯಾಹ್ನದ ಅಫಜಲಪುರ ಬಸ್ಸಿಗೆ ಅತನೂರಿಗೆ ಹೋಗುವುದೆಂದಾಯಿತು. ಅಂದು ಬೆಳಿಗ್ಗೆ ಕಾಕಾರ ಮನೆಯ ಪಡಸಾಲೆಯಲ್ಲಿ ಹತ್ತನೆಯ ತರಗತಿಯ ನಾಲ್ಕೈದು ಹುಡುಗಿಯರು ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳಲು ಬಂದಿದ್ದರು. ಕಾಕಿಯನ್ನು ಕಳಿಸಿಬರೋಣವೆಂದು ನಾನೂ ಹೋಗಿದ್ದೆ. ಸ್ವೆಟರ್ ಹಾಕಿಕೊಂಡೇ ಕಾಕಿ ಚಹಾ ತಂದಿಟ್ಟರು. ಗುಟುಕರಿಸಿದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಸಕ್ಕರೆಯ ಬದಲು ಉಪ್ಪು!

ಕಾಕಾ ಸಿಡುಕಿದರು. "ಎರಡು ವರ್ಷ ಆತು, ಹಿಂಗೇ. ಮೈಗಳ್ಳತನಕ್ಕ ಎಲ್ಲಿ ಔಷಧ ತರೂದು?"

ಕಾಕಿ ತಲೆ ತಗ್ಗಿಸಿ ಒಳಗೆ ಹೋದರು. ಅದೇ ಮುಂದಿನ ಬೆಂಚಿನ ರುಕ್ಸಾನಾ ಕಪ್ಪು ಕೆಳಗಿಟ್ಟು, ನೋಟ್‌ಬುಕ್ ತಿರುವಿ ಒಂದು ಹಾಳೆಯ ಮೇಲೆ ಬೆರಳಿಟ್ಟಳು.

"ಸರ್, ಥಂಡಿ ಭಾಳ ಹತ್ತೂದು, ಮೈ ಬರೂದು, ಮರವು, ದನಿ ದಪ್ಪ ಆಗೂದು, ಎಷ್ಟು ಮಲಗಿದ್ರೂ ದಣಿವು. ನೀವೇ ಬರಸೀರಿ ಸರ್. ಆಂಟಿಯವ್ರದು ತಪ್ಪಲ್ರಿ. ತಲಾಟಿ ಮಲಗ್ಯಾನ್ರಿ."

ಕಾಕಾ ಆ ನೋಟ್‌ಬುಕ್ ಇಸಿದುಕೊಂಡು ನೋಡಿದರು. ಎಷ್ಟೋ ವರ್ಷಗಳಿಂದ ತಾವೇ ಬರೆಸುತ್ತ ಬಂದ ಸಾಲುಗಳು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗಾಗಿತ್ತು. ಪುಸ್ತಕ ಮುಚ್ಚಿ ಹುಡುಗಿಯ ಕೈಗಿತ್ತರು. ಒಳಗೆ ಹೋಗಿ ಚೀಲದೊಳಗಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಟ್ರಂಕಿನಲ್ಲಿ ಇಟ್ಟರು. ಮರುದಿನ ಶಾಲೆಗೆ ರಜೆ ಹಾಕಿ ಕಾಕಿಯನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದರು.

ವರದಿ ಬಂತು. ರುಕ್ಸಾನಾ ಹೇಳಿದ್ದೇ ಖರೆ, ಥೈರಾಯ್ಡು ಮಲಗಿತ್ತು. ಡಾಕ್ಟರು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ಬರೆದುಕೊಟ್ಟರು, ಕೆಲವು ತಿಂಗಳಲ್ಲಿ ಸುಧಾರಿಸುತ್ತಾರೆ ಎಂದರು. ಸಂಜೆ ನಾನು ಹೋದಾಗ ಇಬ್ಬರೂ ಕಟ್ಟೆಯ ಮೇಲೆ ಕುಳಿತಿದ್ದರು. ಕಾಕಾರ ಕೈಯಲ್ಲಿ ವರದಿಯ ಕಾಗದವಿತ್ತು.

"ಏನ್ ಬರ್ದಾರ್ರಿ ಅದ್ರಾಗ?" ಎಂದರು ಕಾಕಿ.

"ಬ್ಯಾನಿ ಅದ ಅಂತ. ಗುಳಗಿ ತಗೊಂಡ್ರ ಆರಾಮ ಆಗ್ತದ."

"ಅದಲ್ರಿ. ನಾ ಮೈಗಳ್ಳಿ ಅಲ್ಲಂತ ಬರ್ದಾರೇನು?"

ಆ ಕಾಗದವನ್ನು ನಾನೂ ನೋಡಿದ್ದೆ. ಅದರಲ್ಲಿ ಇದ್ದದ್ದು ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಕಾಕಾ ಚಷ್ಮಾ ಹಾಕಿಕೊಂಡರು. ಒಂದು ಸಾಲಿನ ಕೆಳಗೆ ಬೆರಳಿಟ್ಟು, ಮಕ್ಕಳಿಗೆ ಓದಿ ಹೇಳುವಂತೆ ನಿಧಾನಕ್ಕೆ ಓದಿದರು.

"ಇಲ್ಲಿ ಬರ್ದಾರ ನೋಡು. 'ಈಕಿ ಮೈಗಳ್ಳಿ ಅಲ್ಲ. ಈಕಿ ಗಂಡಗ ತಿಳೀಲಿಲ್ಲ.'"

ಕಾಕಿ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು.

"ಇನ್ನೊಮ್ಮೆ ಓದ್ರಿ" ಎಂದರು.

ಕಾಕಾ ಇನ್ನೊಮ್ಮೆ ಓದಿದರು.