ಮಗ್ಗದ ಗುಂಡಿ ಸಮೇತ ಅದೇ ಮನೆಯಲ್ಲಿ ಇರಗೊಡುವ ಬಗ್ಗೆ

ಇಂದ,
ಶಶಿರೇಖಾ, ರೇಷ್ಮೆ ಸೀರೆ ನೇಯುವವರು,
ಜಂಬುಲಿಂಗಪ್ಪನವರ ಮನೆಯ ಹಿಂಭಾಗದ ಬಾಡಿಗೆದಾರರು, ಮೊಳಕಾಲ್ಮುರು.

ಗೆ,
ಮಾನ್ಯ ಅಧ್ಯಕ್ಷರು,
ಬಾಡಿಗೆದಾರರ ಸಂಘ (ಇನ್ನೂ ಹೆಸರಿಟ್ಟಿಲ್ಲ), ಮೊಳಕಾಲ್ಮುರು.

ವಿಷಯ: ಮನೆ ಬಿಡಿಸುವುದನ್ನು ತಡೆದು, ಕರಾರುಪತ್ರ ಕೊಡಿಸುವ ಕುರಿತು.

ಉಲ್ಲೇಖ: ಮಾಲೀಕರು ಸೋಮವಾರ ಹಲ್ಲುಜ್ಜುತ್ತಾ ನೀಡಿದ ಮೌಖಿಕ ನೋಟಿಸು.

ಮಾನ್ಯರೇ,

1. ಅರ್ಜಿದಾರಳದು ಗುಂಡಿ ಮಗ್ಗ. ಕಾಲು ಇಳಿಬಿಟ್ಟು ಕೂತು ನೇಯಲು ಮನೆಯ ನೆಲದಲ್ಲೇ ಗುಂಡಿ ತೋಡಬೇಕು. ಈ ಕಾರಣ ಊರಿನ ಬಹುಪಾಲು ಮಾಲೀಕರು ಮನೆ ಕೊಡುವುದಿರಲಿ, ಹೊಸ್ತಿಲು ದಾಟಗೊಡಲಿಲ್ಲ. ಒಪ್ಪಿದವರು ಜಂಬುಲಿಂಗಪ್ಪನವರೊಬ್ಬರೇ. ಅವರ ಹೊಟ್ಟೆ ತಣ್ಣಗಿರಲಿ. ಆದರೂ ಈ ಅರ್ಜಿ ಅವರ ಮೇಲೆಯೇ.

2. ಸದರಿ ಮಾಲೀಕರಿಗೆ ಈಗ ಟೈಲ್ಸ್ ಹುಚ್ಚು ಹಿಡಿದಿದೆ. "ಗುಂಡಿ ಮುಚ್ಚಿ ಮನೆ ಬಿಡಮ್ಮ. ಟೈಲ್ಸ್ ಹಾಕ್ಸಿ ನೌಕರಿಯವ್ರಿಗೆ ಕೊಟ್ರೆ ಬಾಡಿಗೆ ಡಬಲ್ ಬರ್ತೈತೆ" ಎಂದರು. "ಸೀರೆ ಅರ್ಧ ಐತಲ್ರಿ, ಮಗ್ಗ ಎಬ್ಬಿಸಿದ್ರೆ ಎಳೆಯೆಲ್ಲ ಕತ್ತರಿಸ್ಬೇಕು" ಎಂದು ಅರ್ಜಿದಾರಳು ಅಂದದ್ದಕ್ಕೆ ಬಾಯಿ ಮುಕ್ಕಳಿಸಿ ಒಳಹೋದರು. ಎಳೆ ಕತ್ತರಿಸಿದರೆ ಕೂಲಿ ಹೋಯಿತು. ಗುಂಡಿ ತೋಡಗೊಡುವ ಇನ್ನೊಂದು ಮನೆಯೂ ಇಲ್ಲ. ಅಂದು ಅರ್ಜಿದಾರಳು ಅತ್ತದ್ದು ನಿಜ, ಕಡತದಲ್ಲಿ ಇರಲಿ.

3. ಮರುದಿನವೇ, ಚಳ್ಳಕೆರೆಯಿಂದ ವರ್ಗವಾಗಿ ಬಂದ ಗುಮಾಸ್ತ ಓಂಕಾರಮೂರ್ತಿಯವರನ್ನು ಮಾಲೀಕರು ಮನೆ ತೋರಿಸಲು ಕರೆತಂದರು. ಬಾಡಿಗೆ ಮನೆ ನೋಡಿ ನೋಡಿ ಪಳಗಿದ ಆ ಮನುಷ್ಯ, ಮಾಳಿಗೆ ಸೋರಿದ ಗುರುತು ಹುಡುಕುತ್ತಾ ತಲೆಯೆತ್ತಿಕೊಂಡೇ ಒಳಗೆ ನಡೆದರು. ಆದ್ದರಿಂದ ಗುಂಡಿಗೆ ಬಿದ್ದರು. ಪುಣ್ಯಕ್ಕೆ ಅವರಿಗೂ ಸೀರೆಗೂ ಏನೂ ಆಗಲಿಲ್ಲ.

4. "ಬಿದ್ದಿದ್ದು ಬಿದ್ರಿ, ಅಲ್ಲೇ ಕುಂತು ಟೀ ಕುಡೀರಿ ಸ್ವಾಮಿ" ಎಂದು ಅರ್ಜಿದಾರಳ ಅವ್ವ ಕರಿಯಕ್ಕ ಲೋಟ ಕೊಟ್ಟಳು. ಅವರು ಎದುರಿಗಿದ್ದ ಸೀರೆ ನೋಡಿದರು. "ಖಾಲಿ ಮನೆ ಅಂದಿದ್ರಲ್ರಿ?"

"ಖಾಲಿ ಆಗ್ತೈತೆ ಬಿಡ್ರಿ ಸಾರ್" ಎಂದರು ಮಾಲೀಕರು.

"ಬಾಡಿಗೆ ರಸೀದಿ ಕೇಳಿದ್ದಕ್ಕೆ ಚಳ್ಳಕೆರೆಯಾಗೆ ನನ್ನ ಸಾಮಾನು ಬೀದಿಗೆ ಇಟ್ರು ಕಣ್ರಿ. ಅದನ್ನೇ ಈಯಮ್ಮಂಗೆ ಮಾಡೋಕೆ ನನ್ನ ಕೈಲಾಗಲ್ಲ" ಎಂದ ಓಂಕಾರಮೂರ್ತಿಯವರು, ಗುಂಡಿಯಲ್ಲಿ ಕೂತೇ ಕರಾರುಪತ್ರ ಎಲ್ಲಿ ಎಂದು ವಿಚಾರಿಸಿದರು. ಮಾಲೀಕರಿಗೆ ತಕ್ಷಣ ಕರೆಂಟ್ ಬಿಲ್ ಕಟ್ಟುವುದು ನೆನಪಾಯಿತು.

5. ಸಂಜೆ ಬೀದಿಯ ಬಾಡಿಗೆದಾರರೆಲ್ಲ ಅರ್ಜಿದಾರಳ ಮನೆಯಲ್ಲಿ ಸೇರಿ ಸಂಘ ಕಟ್ಟಿದರು. ನೆಂಟರು ಬಂದರೆ ಮಾಲೀಕರ ಅಪ್ಪಣೆ ಕೇಳಬೇಕಾದ ಚಿಕ್ಕೀರಪ್ಪನೂ ಬಂದ, ಒಗೆದ ಬಟ್ಟೆ ಒಣಹಾಕಲು ಜಾಗವಿಲ್ಲದ ಬೊಮ್ಮಕ್ಕನೂ ಬಂದಳು. "ಶಶಿರೇಖಾ ಬಿಟ್ಟ ಮನಿಗೆ ನಮ್ಮೋರು ಯಾರೂ ಹೋಗಂಗಿಲ್ಲ. ಬ್ಯಾರೆಯವ್ರು ನೋಡಾಕೆ ಬಂದ್ರೆ ಕೂರ್ಸಿ ಟೀ ಕೊಟ್ಟು ಎಲ್ಲಾ ಹೇಳಾನ" ಎಂದು ಬೊಮ್ಮಕ್ಕ ಮಂಡಿಸಿದ ಠರಾವು ಪಾಸಾಯಿತು.

ಆದ್ದರಿಂದ, ಬರವಣಿಗೆಯಲ್ಲಿ ಕರಾರು, ನೇಯುವವರ ಕೂಲಿಗೆ ಎಟುಕುವ ಬಾಡಿಗೆ, ತಿಂಗಳಿಗೊಂದು ರಸೀದಿ ಹಾಗೂ ಗುಂಡಿಗೆ ರಕ್ಷಣೆ ಕೊಡಿಸಬೇಕಾಗಿ ಪ್ರಾರ್ಥನೆ.

ತಮ್ಮನ್ನೇ ನಂಬಿ ಕೂತಿರುವ,
ಶಶಿರೇಖಾ

ಲಗತ್ತು: ಬೀದಿಯವರ ಸಹಿ ಮತ್ತು ಹೆಬ್ಬೆಟ್ಟು. ಗುಂಡಿಯನ್ನು ಲಗತ್ತಿಸಲು ಆಗಿರುವುದಿಲ್ಲ.

ವಿಶೇಷ ಕೋರಿಕೆ: ಸಂಘದ ಅಧ್ಯಕ್ಷರನ್ನಾಗಿ ಬೀದಿಯವರು ಅರ್ಜಿದಾರಳನ್ನೇ ಆರಿಸಿರುವ ಕಾರಣ, ಆಕೆಯೇ ಈ ಅರ್ಜಿ ಸ್ವೀಕರಿಸಿ, ಮಂಜೂರು ಮಾಡಿ, ನಾಳೆ ಬೆಳಿಗ್ಗೆ ಮಾಲೀಕರ ಬಾಗಿಲಲ್ಲಿ ನಿಂತು ದನಿ ನಡುಗದಂತೆ ಓದಿ ಹೇಳತಕ್ಕದ್ದು.